ನಿಮ್ಮ ಮನೆಯಲ್ಲಿ ಪವರ್ ಪ್ಲಗ್ ಇದೆಯೇ?

ಯಾರ ಮನೆಗೆ ಹೋದರೂ ಈಗ ನನ್ನ ಕಣ್ಣು ಮೊದಲು ಹೋಗುವುದು ಗೋಡೆಗೆ. ಮನೆಯವರ ಮುಖ ಆಮೇಲೆ. "ಬನ್ನಿ ಸರೋಜಮ್ಮ, ಕೂತ್ಕಳಿ" ಎಂದು ಅವರು ಚಾಪೆ ಬಿಡಿಸುವಷ್ಟರಲ್ಲಿ ನಾನು ಕಿಟಕಿಯ ಕೆಳಗೆ, ಬಾಗಿಲ ಹಿಂದೆ, ಫ್ರಿಜ್ಜಿನ ಪಕ್ಕ ಎಲ್ಲ ಕಡೆ ನೋಡಿ ಮುಗಿಸಿರುತ್ತೇನೆ. ನಾನು ಹುಡುಕುವುದು ದಪ್ಪ ಪಿನ್ನು ಹಿಡಿಸುವ ಮೂರು ತೂತಿನ ಪ್ಲಗ್ಗನ್ನು. ನಮ್ಮ ಕಡೆ ಅದಕ್ಕೆ ಪವರ್ ಪ್ಲಗ್ ಎನ್ನುತ್ತಾರೆ. ಮೊಬೈಲು ಸಿಕ್ಕಿಸುವ ಸಣ್ಣ ಪ್ಲಗ್ಗು ನನಗೆ ಲೆಕ್ಕಕ್ಕಿಲ್ಲ. ಹೋದ ತಿಂಗಳು ಕೊರಟಗೆರೆಯಲ್ಲಿ ಒಂದು ಹೆಣ್ಣು ನೋಡುವ ಶಾಸ್ತ್ರಕ್ಕೆ ನೆಂಟರು ನನ್ನನ್ನೂ ಕರೆದುಕೊಂಡು ಹೋಗಿದ್ದರು. ಹಿಂದಿರುಗುವಾಗ "ಹುಡುಗಿ ಹೆಂಗವ್ಳೆ, ನೀನೇ ಹೇಳು" ಎಂದು ಕೇಳಿದರೆ, ನನಗೆ ನೆನಪಾದದ್ದು ಅವರ ನಡುಮನೆಯ ಮೆಟ್ಟಿಲ ಕೆಳಗಿದ್ದ ಹೊಚ್ಚಹೊಸ ಪವರ್ ಪ್ಲಗ್ಗು ಮಾತ್ರ. "ಒಳ್ಳೇ ಮನೆತನ" ಎಂದುಬಿಟ್ಟೆ. ಮದುವೆ ಗೊತ್ತಾಗಿದೆ. ಹುಡುಗಿಯನ್ನು ನಾನಿನ್ನೂ ಸರಿಯಾಗಿ ನೋಡಬೇಕು.

ಈ ಚಟ ಅಂಟಿಕೊಂಡಿದ್ದು ಕರೆಂಟು ಕಾರು ಕೊಂಡ ಮೇಲೆ. ನಾನು ವಿಮೆ ಏಜೆಂಟು. ಮನೆ ಮಧುಗಿರಿಯಲ್ಲಿ, ಅಲೆದಾಟ ನಾಲ್ಕು ತಾಲ್ಲೂಕಿನಲ್ಲಿ. ವಿಮೆ ಏಜೆಂಟನ್ನು ದೂರದಿಂದಲೇ ಗುರುತು ಹಿಡಿಯುವ ವಿದ್ಯೆ ನಮ್ಮ ಜನಕ್ಕೆ ಹುಟ್ಟಿನಿಂದಲೇ ಬಂದಿದೆ. ಮೊದಲು ನಾನು ಸ್ಕೂಟರಿನಲ್ಲಿ ಓಣಿ ತಿರುಗುವಷ್ಟರಲ್ಲಿ ಜಗುಲಿಯ ಮೇಲಿದ್ದ ಗಂಡಸರು ಒಳಗೆ ಸೇರಿಕೊಳ್ಳುತ್ತಿದ್ದರು. ಹೆಂಡತಿ ಬಾಗಿಲಿಗೆ ಬಂದು "ಹೊಲ್ತಾವ್ಕೆ ಹೋಗವ್ರೆ ಕಣಮ್ಮ" ಎನ್ನುತ್ತಿದ್ದಳು. ಹೊಲಕ್ಕೆ ಹೋದವರ ಚಪ್ಪಲಿ ಹೊಸ್ತಿಲ ಹತ್ತಿರವೇ ಇರುತ್ತಿತ್ತು. ಈಗ ಹಾಗಿಲ್ಲ. "ಪಾಲಿಸಿ ವಿಷಯಕ್ಕೆ ಬಂದಿಲ್ಲಣ್ಣ, ಗಾಡಿಗೆ ಒಂಚೂರು ಕರೆಂಟ್ ಬೇಕಿತ್ತು" ಎಂದರೆ ಸಾಕು, ಅವರ ಮುಖದ ಮೇಲೆ ಎಂಥ ನೆಮ್ಮದಿ ಮೂಡುತ್ತದೆ ಅಂತೀರಿ! ಹೊಲಕ್ಕೆ ಹೋದವರು ಅಡುಗೆಮನೆಯಿಂದಲೇ ವಾಪಸ್ ಬರುತ್ತಾರೆ. ತಾವೇ ವೈರು ಹಿಡಿದು ಕಿಟಕಿಯೊಳಗೆ ತೂರಿಸುತ್ತಾರೆ. ಒಂದು ಸಲ ವೈರು ಸಿಕ್ಕಿಸಿದ ಮೇಲೆ ನಾನೂ ಎಲ್ಲಿಗೂ ಹೋಗುವಂತಿಲ್ಲ, ಅವರೂ ಹೋಗುವಂತಿಲ್ಲ. ಎದುರುಬದುರು ಕೂತ ಮೇಲೆ ಮಾತು ನಿಧಾನಕ್ಕೆ ವಿಮೆಯ ಕಡೆಗೆ ತಿರುಗದೆ ಇನ್ನೆಲ್ಲಿಗೆ ಹೋಗುತ್ತದೆ?

ಕರೆಂಟಿಗೆ ಇಷ್ಟು ಅಂತ ಯಾರೂ ಕೈಯೊಡ್ಡುವುದಿಲ್ಲ. ಆದರೆ ಊಟ ಮಾಡದೆ ಏಳಲು ಬಿಡುವುದೂ ಇಲ್ಲ. "ಗಾಡಿಗೆ ಮೇವು ಹಾಕ್ಬುಟ್ಟು ನಿಮ್ಮನ್ನ ಉಪಾಸ ಕಳ್ಸಕ್ಕಾಯ್ತದಾ?" ಎನ್ನುತ್ತಾರೆ. ಹೀಗಾಗಿ ಕಾರಿನ ಜೊತೆಗೆ ನಾನೂ ತುಂಬಿಕೊಂಡಿದ್ದೇನೆ. ಹಳೆಯ ರವಿಕೆಗಳನ್ನೆಲ್ಲ ಹೊಲಿಗೆ ಬಿಚ್ಚಿಸಬೇಕಾಯಿತು. ನಮ್ಮ ಯಜಮಾನರು ಪೆಟ್ರೋಲಿನ ಪಕ್ಷದವರು. ಅವರ ಹಳೇ ಮೊಪೆಡ್ಡನ್ನು ಒರೆಸುತ್ತಾ, "ನಂದು ಎರಡು ನಿಮಿಷದಲ್ಲಿ ಟ್ಯಾಂಕ್ ತುಂಬುತ್ತೆ. ಬಂಕಿನವನು ಊಟ ಹಾಕಲ್ಲ, ಅದೊಂದೇ ಕೊರತೆ" ಎಂದು ಚುಚ್ಚುತ್ತಾರೆ.

ಹಾಗಂತ ನಮ್ಮ ಕಡೆ ಸಾರ್ವಜನಿಕ ಚಾರ್ಜಿಂಗಿಗೆ ವ್ಯವಸ್ಥೆಯೇ ಇಲ್ಲ ಎಂದುಕೊಳ್ಳಬೇಡಿ. ಮೊಬೈಲಿನ ನಕ್ಷೆ ತೆರೆದರೆ ನಾಲ್ಕೂ ತಾಲ್ಲೂಕಿನಲ್ಲಿ ಹಸಿರು ಚುಕ್ಕಿಗಳು ಮಿನುಗುತ್ತವೆ. ಮಧುಗಿರಿ ಬೈಪಾಸಿನ ಬಂಕಿನ ಮೂಲೆಯಲ್ಲಿ ಒಂದು ಮಿಷನ್ನಿದೆ, ಕೆಲಸವನ್ನೂ ಮಾಡುತ್ತದೆ. ಅದಕ್ಕೊಂದು ತಗಡಿನ ನೆರಳು, ಕೆಳಗೆ ನುಣುಪಾದ ಸಿಮೆಂಟು ನೆಲ. ಇಂಥ ಜಾಗ ಸಿಕ್ಕಿದರೆ ಮಧುಗಿರಿಯಲ್ಲಿ ಯಾರು ಸುಮ್ಮನಿರುತ್ತಾರೆ? ಹುಣಸೆಹಣ್ಣಿನ ಕಾಲ ಬಂತೆಂದರೆ ಹೆಂಗಸರು ಅಲ್ಲೇ ಕೂತು ಬೀಜ ಬಿಡಿಸುತ್ತಾರೆ. ನನ್ನ ಕಾರು ಕಂಡರೆ "ತಡಿಯಮ್ಮಾ, ಹಣ್ಣು ಎತ್ಕಂಬುಡ್ತೀವಿ" ಎಂದು ಗೋಣಿಚೀಲ ಪಕ್ಕಕ್ಕೆ ಎಳೆಯುತ್ತಾರೆ. ಆ ಮೂರು ತಿಂಗಳು ನನ್ನ ಕಾರಿನೊಳಗೆ ಹುಳಿಹುಳಿ ವಾಸನೆ. ಕೊರಟಗೆರೆಯ ಮಿಷನ್ನಿಗೆ ಉದ್ಘಾಟನೆಯ ದಿನ ಹಾಕಿದ ಹಾರ ಅಲ್ಲೇ ಒಣಗಿ ನಾರಾಗಿದೆ. ಮೈಮೇಲಿನ ಪ್ಲಾಸ್ಟಿಕ್ ಹೊದಿಕೆಯನ್ನು ಯಾರೂ ತೆಗೆದಿಲ್ಲ. ಪಾಪ, ಹೊಸ ಸೋಫಾಕ್ಕೆ ನಾವು ಹಾಗೇ ಬಿಡುವುದಿಲ್ಲವೇ?

ಶಿರಾದ್ದು ಮಾತ್ರ ದೊಡ್ಡ ದರ್ಬಾರು. ಹೆದ್ದಾರಿಯ ಪಕ್ಕದ ಹೋಟೆಲುಗಳ ಹಿಂದೆ ಸಾಲಾಗಿ ಮಿಷನ್ನುಗಳು, ಅವುಗಳ ಮುಂದೆ ದೊಡ್ಡ ದೊಡ್ಡ ಕಾರುಗಳು. ಅವುಗಳ ಮಧ್ಯೆ ನನ್ನ ಪುಟ್ಟ ಸೆಕೆಂಡ್ ಹ್ಯಾಂಡ್ ಕಾರನ್ನು ನಿಲ್ಲಿಸಿ ನಾನು ಆಚೆ ಬಾಷಾ ಭಾಯಿಯ ಟೀ ಗಾಡಿಗೆ ಹೋಗಿಬಿಡುತ್ತೇನೆ. ಭಾಯಿ ನನಗೆ ಬೆಂಚು ಒರೆಸಿಕೊಟ್ಟು, "ಆರಾಮ್ ಸೆ ಕೂತ್ಕಳಿ ಆಪಾ. ಗಾಡಿ ಊಟ ಮಾಡ್ತಾ ಐತೆ, ಜಲ್ದಿ ಮಾಡಿದ್ರೆ ಅದ್ಕೂ ಹಜಮ್ ಆಗಲ್ಲ" ಎನ್ನುತ್ತಾರೆ.

ಇವುಗಳಲ್ಲಿ ಒಂದೊಂದು ಮಿಷನ್ನಿಗೂ ಒಂದೊಂದು ಆಪು ಬೇಕು. ಪ್ರತಿಯೊಂದಕ್ಕೂ ಹೆಸರು, ಊರು, ನಂಬರು ಕೊಟ್ಟು, ಬರದೇ ಇರುವ ಓಟಿಪಿಗೆ ಕಾದು, ಸಿಗ್ನಲ್ ಹುಡುಕುತ್ತಾ ಕೈ ಮೇಲೆತ್ತಿಕೊಂಡು ಬಂಕಿನ ತುಂಬ ಓಡಾಡಬೇಕು. ಮೊಬೈಲಿನಲ್ಲಿ ಜಾಗ ತುಂಬಿ, ಏನಾದರೂ ಅಳಿಸು ಎಂದಾಗ ನಾನು ಯಜಮಾನರ ಫೋಟೋಗಳನ್ನು ಅಳಿಸಿದೆನೇ ಹೊರತು ಆಪುಗಳನ್ನು ಮುಟ್ಟಲಿಲ್ಲ. ಅವರು ಹೇಗೂ ಮನೆಯಲ್ಲೇ ಇರುತ್ತಾರಲ್ಲ.

ಇನ್ನು ನನ್ನ ಕಾರಿನ ಹಸಿರು ನಂಬರ್ ಪ್ಲೇಟು. ಹಳ್ಳಿಗಳಲ್ಲಿ ಇದನ್ನು ಕೃಷಿ ಇಲಾಖೆಯ ಗಾಡಿ ಎಂದೇ ತಿಳಿದಿದ್ದಾರೆ. ಮದಲೂರಿನಲ್ಲಿ ಕೆರೆ ಏರಿಯ ಮೇಲೆ ನಿಲ್ಲಿಸಿದ್ದಾಗ ನಾಲ್ಕೈದು ಜನ ಸುತ್ತುವರಿದು "ಕಡ್ಲೇಕಾಯಿ ಬೀಜ ಯಾವಾಗ ಕೊಡ್ತೀರ ಮೇಡಮ್ಮು?" ಎಂದು ಜೋರು ಮಾಡಿದರು. ಇದು ಕರೆಂಟಿನ ಕಾರು ಕಣ್ರಪ್ಪಾ ಎಂದು ತಿಳಿಸಿ ಹೇಳಿದ ಮೇಲೆ ಅವರಲ್ಲಿ ಹಿರಿಯರೊಬ್ಬರು ಬಾನೆಟ್ಟಿನ ಮೇಲೆ ಅಂಗೈಯಿಟ್ಟು ನೋಡಿ, "ಬಿಸಿನೇ ಇಲ್ವಲ್ಲಾ! ಕುರಿ ಮೈಯಾದ್ರೂ ಬೆಚ್ಚಗಿರ್ತದೆ" ಎಂದು ಅನುಮಾನದಿಂದ ಕೈ ತೆಗೆದರು.

ಕುರಿ ಎಂದ ಕೂಡಲೇ ನನಗೆ ನಮ್ಮವ್ವನ ನೆನಪು. ಅವ್ವನ ತವರು ನಿಡುಗಲ್ಲು. ಬೆಟ್ಟದ ಬುಡದ ಕುರಿಯವರ ಮನೆ. ಬೇಸಿಗೆ ಬಂತೆಂದರೆ ನಮ್ಮ ತಾತ ಮಂದೆ ಹೊಡೆದುಕೊಂಡು ಮದಲೂರು ಕೆರೆಯಂಗಳದ ಕಡೆಗೆ ಹೊರಡುತ್ತಿದ್ದರಂತೆ. ಸಂಜೆಯಾದಲ್ಲಿ ಯಾರದಾದರೂ ಹೊಲದಲ್ಲಿ ಮಂದೆ ನಿಲ್ಲಿಸುವುದು. ಕುರಿ ಗೊಬ್ಬರ ಹೊಲಕ್ಕೆ, ರಾತ್ರಿಯ ಊಟ ಹೊಲದವರ ಮನೆಯದು. ಅವ್ವ ಮತ್ತು ಅವಳ ಅಕ್ಕ, ಅಂದರೆ ನನ್ನ ದೊಡ್ಡವ್ವ, ಇಬ್ಬರೂ ಲಂಗದಲ್ಲಿ ಮರಿಗಳನ್ನು ಹೊತ್ತುಕೊಂಡು ಮಂದೆಯ ಹಿಂದೆ ನಡೆದವರೇ. ನಾನು ಊರೂರಿನಲ್ಲಿ ಕಾರು ಚಾರ್ಜಿಗಿಟ್ಟು ಉಂಡು ಬರುವ ಕಥೆಗಳನ್ನು ಹೇಳಿದರೆ ಅವ್ವ ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಾಳೆ. "ಇದೇನೇ ಹೊಸ್ದು? ನಾವು ಮಂದೆ ನಿಲ್ಲಿಸ್ತಿದ್ವಿ, ನೀನು ಗಾಡಿ ನಿಲ್ಲಿಸ್ತೀಯ. ಕುರಿಯಾದ್ರೆ ಗೊಬ್ರ ಆದ್ರೂ ಕೊಡ್ತಿತ್ತು, ನಿನ್ ಗಾಡಿ ಏನ್ ಕೊಟ್ಟಾತು?"

ಬ್ಯಾಟರಿ ಚಾರ್ಜು ಮಾಡುವುದು ನಮ್ಮ ಮನೆಗೆ ಹೊಸದೇನೂ ಅಲ್ಲ. ನಾನು ಚಿಕ್ಕವಳಿದ್ದಾಗ ಬೇಸಿಗೆ ರಜೆಗೆ ದೊಡ್ಡವ್ವನ ಊರಿಗೆ ಹೋಗುತ್ತಿದ್ದೆ. ಪಾವಗಡದಿಂದ ಆಚೆಯ ಕ್ಯಾತಗಾನಚೆರ್ಲು. ನಮ್ಮ ದೊಡ್ಡಪ್ಪನದು ಮೂರು ಸೆಲ್ಲಿನ ಉದ್ದನೆಯ ಟಾರ್ಚು. ಸೆಲ್ಲು ಮಂಕಾದರೆ ಬಿಸಾಡುವ ಮಾತೇ ಇಲ್ಲ. ಮಾಳಿಗೆಯ ಮೇಲೆ ಬಿಸಿಲಿಗೆ ಇಡುವುದು. ಅವನ್ನು ಕಾಗೆ ಹೊತ್ತೊಯ್ಯದಂತೆ ಕಾಯುವ ಕೆಲಸ ನನಗೆ. ಕಾಗೆಗೆ ಸೆಲ್ಲೇಕೆ ಬೇಕು ಎಂದು ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ನನ್ನನ್ನು ಅಡುಗೆಮನೆಯಿಂದ ದೂರ ಇಡಲು ದೊಡ್ಡವ್ವ ಹೂಡಿದ ಉಪಾಯ ಅದು ಎಂದು ಈಗ ಹೊಳೆಯುತ್ತದೆ. ಸಂಜೆ ಸೆಲ್ಲು ಬೆಚ್ಚಗೆ ಕೈಗೆ ಬಂದರೆ ದೊಡ್ಡಪ್ಪ ಟಾರ್ಚಿಗೆ ಹಾಕಿ, ಗೋಡೆಯ ಮೇಲೆ ಬೆಳಕು ಬಿಟ್ಟು, "ನೋಡ್ಲಾ, ಬಿಸ್ಲು ಹೆಂಗೆ ತುಂಬ್ಕಂಡೈತೆ!" ಎನ್ನುತ್ತಿದ್ದರು. ನಾನು ಹುಡುಗಿಯಾದರೂ ಅವರಿಗೆ ಯಾವಾಗಲೂ "ಲಾ". ಈಗ ಅದೇ ಊರಿನ ಹೊಲಗಳ ಮೇಲೆ ಕಣ್ಣು ಹರಿಯುವ ತನಕ ಸೋಲಾರ್ ಹಲಗೆಗಳು ಬಿಸಿಲು ತುಂಬಿಕೊಳ್ಳುತ್ತಾ ನಿಂತಿವೆ. ದೊಡ್ಡಪ್ಪ ಅದನ್ನು ಪೂರ್ತಿ ನೋಡಲಿಲ್ಲ.

ದೊಡ್ಡಪ್ಪ ತೀರಿಕೊಂಡ ದಿನವೇ ಅಕ್ಕತಂಗಿಯರ ನಡುವೆ ಮಾತು ಕೆಟ್ಟದ್ದು. ನಾವೆಲ್ಲ ಮಧುಗಿರಿಯಿಂದ ಒಂದು ಟೆಂಪೋ ಮಾಡಿಕೊಂಡು ಹೋಗಿದ್ದೆವು. ಮಣ್ಣು ಮಾಡಿ ಬರುವಷ್ಟರಲ್ಲಿ ಟೆಂಪೋದವನಿಗೆ ಇನ್ನೊಂದು ಬಾಡಿಗೆ ಬಂದು, ಹಾರನ್ ಒತ್ತಲು ಶುರುಮಾಡಿದ. ದೊಡ್ಡವ್ವ ಅವ್ವನ ಸೆರಗು ಹಿಡಿದು "ಇವತ್ತೊಂದಿನ ಇರೇ ಗಂಗಿ" ಅಂದಳಂತೆ. ಹೊರಡುವ ಗಡಿಬಿಡಿಯಲ್ಲಿ, ಎಲ್ಲರೂ ಎಳೆದಾಡಿ ಹತ್ತಿಸುವಾಗ, ಅವ್ವ ಸೆರಗು ಬಿಡಿಸಿಕೊಂಡು ಹತ್ತಿದಳು. ಆಮೇಲೆ ದೊಡ್ಡವ್ವ ಯಾರ ಹತ್ತಿರವೋ "ಒಡಹುಟ್ಟಿದೋಳು ನಿಂತ ಕಾಲಲ್ಲಿ ಬಂದು ಹೋದ್ಲು, ನೆಂಟರಂಗೆ" ಎಂದಳಂತೆ. ಆ ಮಾತು ಮಧುಗಿರಿಗೆ ಬಂದು ಮುಟ್ಟಿತು. "ನಾನು ನೆಂಟಳಾ? ಆಯ್ತು, ನೆಂಟಳೇ" ಎಂದು ಅವ್ವ ಸೆಟೆದುಕೊಂಡಳು. ಅಲ್ಲಿಂದ ಈಚೆಗೆ ಹಬ್ಬಕ್ಕೆ ಫೋನು ಬರುತ್ತಿತ್ತು, ಹೋಗುತ್ತಿತ್ತು. ಆದರೆ ಮಾತನಾಡುವವರು ನಾವು ಮಕ್ಕಳು ಮಾತ್ರ. ಅವರಿಬ್ಬರೂ ಪಕ್ಕದಲ್ಲಿ ಕೂತು ಕಿವಿ ಕೊಡುತ್ತಿದ್ದರು.

ಈ ಬೇಸಿಗೆಯಲ್ಲಿ ದೊಡ್ಡವ್ವನ ಸೊಸೆ ಪಾರ್ವತಿ ಫೋನು ಮಾಡಿ, ಅತ್ತೆ ಬಚ್ಚಲಲ್ಲಿ ಜಾರಿ ಬಲಗೈ ಮುರಿದುಕೊಂಡಿದ್ದಾರೆ, ಕಟ್ಟು ಹಾಕಿದ್ದಾರೆ ಎಂದಳು. ಅವ್ವನಿಗೆ ಹೇಳಿದೆ. ಅವಳು ಕಡಲೇಕಾಯಿ ಬಿಡಿಸುತ್ತಿದ್ದವಳು ಬಿಡಿಸುತ್ತಲೇ ಇದ್ದಳು. ಮಾರನೆಯ ದಿನ ಬೆಳಿಗ್ಗೆ ನೋಡಿದರೆ ಮಿಂದು, ಒಳ್ಳೆ ಸೀರೆ ಉಟ್ಟು, ಕಾರಿನ ಪಕ್ಕ ನಿಂತಿದ್ದಾಳೆ.

"ನಡಿ, ನೋಡ್ಕಂಡು ಬಂದ್ಬುಡಾನ. ಮಾತಾಡ್ಸಕ್ಕಲ್ಲ, ನೋಡಕ್ಕೆ. ರಾತ್ರಿಗಿಲ್ಲಾ ಉಳ್ಯಲ್ಲ ನಾನು, ಈಗ್ಲೇ ಹೇಳಿವ್ನಿ" ಎಂದಳು.

ಹಿಂದಿನ ರಾತ್ರಿ ನಮ್ಮ ಬೀದಿಯಲ್ಲಿ ಕರೆಂಟು ಹೋಗಿ ಬಂದು ಮಾಡಿದ್ದರಿಂದ ಕಾರು ಅರ್ಧಕ್ಕಿಂತ ಒಂಚೂರು ಮೇಲೆ ತುಂಬಿತ್ತು ಅಷ್ಟೇ. ಹೋಗಲು ಸಾಕು, ಬರಲು ಸಾಲದು. ಪಾವಗಡದಲ್ಲಿ ಹಸಿರು ಚುಕ್ಕಿ ಇದೆಯಲ್ಲ ಎಂಬ ಧೈರ್ಯದ ಮೇಲೆ ಹೊರಟೆ. ಮಿಡಿಗೇಶಿ ದಾಟುವವರೆಗೂ ಅವ್ವ ಕಿಟಕಿಯಾಚೆಗೇ ಮುಖ ಮಾಡಿಕೊಂಡಿದ್ದಳು. ಆಮೇಲೆ "ಅವಳಿಗೆ ಮೊದ್ಲಿಂದ್ಲೂ ಕಣ್ಣು ನೆಲದ ಮೇಲಿರಲ್ಲ" ಎಂದಳು. ಸ್ವಲ್ಪ ದೂರ ಹೋದ ಮೇಲೆ "ಬಲಗೈನಾ?" ಎಂದು ಕೇಳಿದಳು. ಬಲಗೈ ಎಂದು ನಾನು ಆಗಲೇ ಹೇಳಿದ್ದೆ.

ಪಾವಗಡದ ಹಸಿರು ಚುಕ್ಕಿಯ ಜಾಗದಲ್ಲಿ ಮಿಷನ್ನು ಇತ್ತು. ಅದರ ನೆರಳಿನಲ್ಲಿ ಕಾವಲಿನವರೊಬ್ಬರು ಕುರ್ಚಿ ಹಾಕಿಕೊಂಡು ಕೂತಿದ್ದರು. ಕಾರು ನೋಡಿ ಅವರಿಗೇ ಸಂಕಟವಾಯಿತು. "ಕರೆಂಟು ಉಂದಿ ಮೇಡಮ್ಮ, ಮಿಷನ್ನೇ ಸರಿ ಇಲ್ಲ. ಕಂಪ್ನಿಯೋರಿಗೆ ಫೋನ್ ಮಾಡಿದ್ರೆ ವಸ್ತಾಂ ವಸ್ತಾಂ ಅಂಟಾರು, ರಾರು" ಎಂದು ಕೈ ಅಲ್ಲಾಡಿಸಿದರು. ಬರುತ್ತೇವೆ ಅನ್ನುವವರೂ ಬಾರದಿರುವವರೂ ಎಲ್ಲ ಭಾಷೆಯಲ್ಲೂ ಇದ್ದಾರೆ. ಈಗ ಉಳಿದದ್ದು ಒಂದೇ ದಾರಿ, ದೊಡ್ಡವ್ವನ ಮನೆ. ಅವರ ಮನೆಗೆ ಹೊಂದಿಕೊಂಡು ಹಿಟ್ಟಿನ ಗಿರಣಿ ಇದೆ. ಗಿರಣಿ ಇದ್ದಲ್ಲಿ ಪವರ್ ಪ್ಲಗ್ ಇರಲೇಬೇಕು. ಬೆಳಗಿನ ಹೊತ್ತಿಗೇ ಸಿಕ್ಕಿಸಿದರೆ ಸಂಜೆಗೆ ಮಧುಗಿರಿ ಮುಟ್ಟುವಷ್ಟು ತುಂಬುತ್ತದೆ ಎಂದು ಅವ್ವನಿಗೆ ಹೇಳಿದೆ.

"ಸಂಜೆ ಮಟ ಅಲ್ಲಿ ಕೂತು ಏನ್ ಮಾಡಾನ?" ಎಂದಳು ಅವ್ವ.

ದೊಡ್ಡವ್ವ ಪಡಸಾಲೆಯ ಮಂಚದ ಮೇಲೆ, ಕೊರಳಿಗೆ ಕಟ್ಟಿದ ಬಟ್ಟೆಯಲ್ಲಿ ಕೈ ತೂಗುಹಾಕಿಕೊಂಡು ಕೂತಿದ್ದಳು. ತೀರಾ ಸಣ್ಣಗಾಗಿದ್ದಳು. ಅವಳು ಅವ್ವನನ್ನು ನೋಡಿದಳು, ಅವ್ವ ಅವಳ ಕೈಯ ಕಟ್ಟನ್ನು ನೋಡಿದಳು. ಆಮೇಲೆ ದೊಡ್ಡವ್ವ ನನ್ನ ಕಡೆ ತಿರುಗಿ, "ಸರೋಜಿ, ನಿಮ್ಮವ್ವಂಗೆ ಕೇಳು, ಕಾಫಿನೋ ಟೀನೋ" ಎಂದಳು.

"ಏನೂ ಬ್ಯಾಡ ಅನ್ನು" ಎಂದಳು ಅವ್ವ, ಒಂದು ಮಾರು ದೂರದಲ್ಲಿ ಗೋಡೆಗೊರಗಿ.

"ಬಿಸ್ಲಾಗೆ ಬಂದವ್ಳೆ, ಮಜ್ಜಿಗೆನಾದ್ರೂ ಕುಡಿಬೇಕಂತೆ ಅನ್ನು."

"ಕುಡಿತೀನಿ, ಉಪ್ಪು ಕಮ್ಮಿ ಹಾಕ್ಬೇಕು ಅನ್ನು."

ನಾನು ಇಬ್ಬರ ನಡುವೆ ಕತ್ತು ತಿರುಗಿಸುತ್ತಾ ಸುಸ್ತಾಗಿ, ಕಾರಿಗೆ ವೈರು ಸಿಕ್ಕಿಸುತ್ತೇನೆಂದು ಎದ್ದು ಬಂದೆ.

ಗಿರಣಿಯ ಕೋಣೆಯಲ್ಲಿ ಪವರ್ ಪ್ಲಗ್ ಇತ್ತು. ಸಿಕ್ಕಿಸಿದರೆ ನನ್ನ ಚಾರ್ಜರಿನ ಡಬ್ಬಿಯ ಮೇಲೆ ಕೆಂಪು ದೀಪ. ಅರ್ತಿಂಗ್, ಅಂದರೆ ನೆಲಕ್ಕೆ ಹೂತ ತಂತಿ, ಸರಿಯಿಲ್ಲದಿದ್ದರೆ ಈ ಕಾರು ಒಂದು ತೊಟ್ಟು ಕರೆಂಟನ್ನೂ ಮುಟ್ಟುವುದಿಲ್ಲ, ಅಷ್ಟು ಮಡಿವಂತ ಜಾತಿ. ನನ್ನ ಮುಖ ನೋಡಿ ಪಾರ್ವತಿ ನಕ್ಕಳು. ಅವಳು ಗಡಿಯಾಚೆಯ ಹೆಣ್ಣುಮಗಳು. "ಕೊಂಚೆಂ ಇರಿ ಸರೋಜಕ್ಕ, ನೆಲ ಒಣಗೈತೆ. ಬೇಸಿಗೇಲಿ ಇದು ಮಾಮೂಲಿ. ನಮ್ ಗಿರಣಿನೂ ಇಂಗೇ ಆಡ್ತೈತೆ" ಎಂದು ಬಿಂದಿಗೆ ತುಂಬಾ ನೀರು ತಂದು, ಗೋಡೆಯ ಹೊರಗಿದ್ದ ಅರ್ತಿಂಗಿನ ಗುಂಡಿಗೆ ಒಂದು ಹಿಡಿ ಉಪ್ಪು ಹಾಕಿ, ತುಳಸಿಗೆ ಎರೆಯುವಷ್ಟೇ ನಿಧಾನವಾಗಿ ಎರೆದಳು. ನೆಲ ಸುಯ್ ಎಂದು ಕುಡಿಯಿತು. ಎರಡನೇ ಬಿಂದಿಗೆಗೆ ಕೆಂಪು ಹೋಗಿ ಹಸಿರು ದೀಪ ಮಿನುಗತೊಡಗಿತು. ಈ ಬರಗಾಲದ ಸೀಮೆಯಲ್ಲಿ ನನ್ನ ಕಾರು ನೀರನ್ನೂ ಕುಡಿಯಿತಲ್ಲ ಎಂದು ನಾಚಿಕೆಯಾಯಿತು.

ಒಳಗೆ ಬಂದರೆ ಊಟಕ್ಕೆ ತಟ್ಟೆ ಹಾಕಿದ್ದರು. ಮುದ್ದೆ, ಹುರುಳಿಕಾಳಿನ ಸಾರು. ದೊಡ್ಡವ್ವ ಎಡಗೈಯಲ್ಲಿ ಚಮಚ ಹಿಡಿದುಕೊಂಡು, "ಚಮಚದಾಗೆ ಮುದ್ದೆ ಉಣ್ಣೋ ಗತಿ ಬಂತು ನೋಡೇ ಸರೋಜಿ" ಎಂದು ನಗಲು ಹೋದಳು. ಚಮಚಕ್ಕೆ ಮುದ್ದೆ ಎಲ್ಲಿ ಬಗ್ಗುತ್ತದೆ? ತಟ್ಟೆಯಲ್ಲಿ ಜಾರಿತು, ಸಾರು ಮಡಿಲಿಗೆ ಚೆಲ್ಲಿತು. ಪಾರ್ವತಿ ಒಲೆಯ ಹತ್ತಿರ ಇದ್ದಳು. ನಾನು ಏಳುವಷ್ಟರಲ್ಲಿ ಅವ್ವ ಎದ್ದಿದ್ದಳು. ಮಂಚದ ಪಕ್ಕ ಕೂತು, ಚಮಚ ಕಿತ್ತುಕೊಂಡು ಆಚೆಗಿಟ್ಟು, ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ದೊಡ್ಡವ್ವನ ಬಾಯಿಯ ಹತ್ತಿರ ಹಿಡಿದಳು. ದೊಡ್ಡವ್ವ ಬಾಯಿ ತೆರೆಯಲಿಲ್ಲ. ಅವ್ವನೂ ಕೈ ಇಳಿಸಲಿಲ್ಲ. ಸಾರು ಅವ್ವನ ಮುಂಗೈ ಮೇಲಿಂದ ಬಳೆಯ ತನಕ ಇಳಿಯಿತು.

"ತಗೋ, ಅಕ್ಕ" ಎಂದಳು ಅವ್ವ. ಎಷ್ಟೋ ವರ್ಷದ ಮೇಲೆ ಅವಳ ಬಾಯಿಂದ ಆ ಮಾತು ಬಂದದ್ದು.

ದೊಡ್ಡವ್ವ ಬಾಯಿ ತೆರೆದಳು. ನುಂಗಿದ ಮೇಲೆ, ಕಣ್ಣು ತುಂಬಿಕೊಂಡು, "ಅವತ್ತು ನಿಂತ ಕಾಲಲ್ಲಿ ಹೋಗ್ಬುಟ್ಟೆ ಕಣೆ ಗಂಗಿ" ಎಂದಳು.

"ಟೆಂಪೋದೋನು ಹಾರನ್ ಹೊಡೀತಿದ್ದ ಕಣಕ್ಕ."

"ನನಗಿಂತ ಟೆಂಪೋದೋನು ಹೆಚ್ಚಾದ್ನಾ? ಸೆರಗು ಹಿಡ್ಕಂಡು ಕೇಳಿದ್ನಲ್ಲೇ, ಒಂದಿನ ಇರು ಅಂತ. ಇನ್ನು ಕೇಳಲ್ಲ ಬುಡು. ನೀನು ಯಾವತ್ತು ಬಂದ್ರೂ, ಇರು ಅಂತ ಈ ಬಾಯಲ್ಲಿ ಕೇಳಲ್ಲ."

ಅವ್ವ ಇನ್ನೊಂದು ತುತ್ತು ಮುರಿದಳು. "ನಾನೂ ರಾತ್ರಿ ಇರಲ್ಲ ಅಂತ ಹೇಳ್ಬುಟ್ಟೇ ಬಂದಿವ್ನಿ" ಎಂದಳು.

ನನಗೆ ತಲೆ ಚಚ್ಚಿಕೊಳ್ಳುವಂತಾಯಿತು. ಒಬ್ಬಳು ಇರು ಎಂದು ಕೇಳುವುದಿಲ್ಲ, ಇನ್ನೊಬ್ಬಳು ಕೇಳಿಸಿಕೊಳ್ಳದೆ ಉಳಿಯುವುದಿಲ್ಲ. ಇಬ್ಬರಿಗೂ ವಯಸ್ಸಾಗಿದೆ. ಇನ್ನೊಂದು ಸಲ ಅವ್ವ ಇಷ್ಟು ದೂರ ಬರುತ್ತಾಳೋ ಇಲ್ಲವೋ. ಇವತ್ತು ಹೀಗೇ ಎದ್ದು ಹೋದರೆ ಆ ಟೆಂಪೋದ ದಿನ ಇವರ ನಡುವೆ ಕೊನೆಯತನಕ ಉಳಿದುಬಿಡುತ್ತದೆ ಎಂದು ನನಗೆ ನಿಜವಾಗಿ ಭಯವಾಯಿತು. ಆದರೆ ಏಜೆಂಟಾಗಿ ಇಷ್ಟು ವರ್ಷ ಜನರನ್ನು ಒಪ್ಪಿಸಿದ ನನ್ನ ನಾಲಿಗೆ ಆ ಇಬ್ಬರ ಮುಂದೆ ಏಳಲಿಲ್ಲ.

ಊಟವಾದ ಮೇಲೆ ಅವ್ವ ಅಕ್ಕನ ತಲೆಗೆ ಎಣ್ಣೆ ಹಚ್ಚಲು ಕೂತಳು. ಮಾತು ಮಂದೆಯ ಹಾದಿ ಹಿಡಿಯಿತು. ಮದಲೂರು ಕೆರೆಯಂಗಳದಲ್ಲಿ ಕಳೆದುಹೋದ ಕರಿಮರಿಯನ್ನು ಯಾರು ಹುಡುಕಿದ್ದು ಎಂದು ಜಗಳವಾಯಿತು. ಇಬ್ಬರೂ ತಾನೇ ತಾನೇ ಎಂದರು. "ನಮ್ಮ ಹೊಲದ ಬಿಸ್ಲು ನಿಮ್ ಮದ್ಗಿರಿ ಮಟ ಬತ್ತೈತಂತೆ ಕಣೆ" ಎಂದು ದೊಡ್ಡವ್ವ ಹೆಮ್ಮೆಪಟ್ಟಳು. "ಬಂದಂಗೇನೂ ಕಾಣ್ಲಿಲ್ಲ, ನಿನ್ನೆ ರಾತ್ರಿಯೆಲ್ಲ ಕತ್ಲು" ಎಂದಳು ಅವ್ವ. ಇಬ್ಬರೂ ನಕ್ಕರು. ಅಷ್ಟು ಹೊತ್ತೂ ಅವ್ವ ನಡುನಡುವೆ "ಎಷ್ಟಾತೇ ಗಾಡಿ?" ಎಂದು ನನ್ನನ್ನು ಕೇಳುತ್ತಲೇ ಇದ್ದಳು. ಕೇಳಿದಾಗಲೆಲ್ಲ ದೊಡ್ಡವ್ವ ಬಾಗಿಲ ಕಡೆ ನೋಡುತ್ತಿದ್ದಳು.

ನೋಡೋಣವೆಂದು ಹೊರಗೆ ಹೋದರೆ ಹಸಿರು ದೀಪ ಇಲ್ಲ, ಕೆಂಪೂ ಇಲ್ಲ. ಗಿರಣಿಯ ಕೋಣೆಗೆ ಹೋಗಿ ನೋಡಿದೆ, ಸ್ವಿಚ್ಚು ಆರಿಸಿದೆ. ಯಾರೋ ಕೈ ತಗುಲಿಸಿರಬೇಕು ಎಂದು ಒತ್ತಿ ಬಂದೆ. ಮತ್ತೆ ಒಂದಷ್ಟು ಹೊತ್ತು ಬಿಟ್ಟು ಹೋದರೆ ಮತ್ತೆ ಆರಿದೆ. ಪಾರ್ವತಿ ಬಟ್ಟೆ ಒಗೆಯಲು ಹೋಗಿದ್ದಳು, ಅವಳ ಗಂಡ ಸೋಲಾರ್ ಪಾರ್ಕಿನ ಕೆಲಸದಲ್ಲಿದ್ದ. ಆಗ ನನಗೆ ಹೊಳೆಯಿತು. ದೊಡ್ಡವ್ವ ಆಗಾಗ ಹಿತ್ತಲಿಗೆಂದು ಗೋಡೆ ಹಿಡಿದು ಹೋಗಿ ಬರುತ್ತಿದ್ದಳು. ಹಿತ್ತಲಿಗೆ ದಾರಿ ಗಿರಣಿಯ ಕೋಣೆಯ ಮೂಲಕವೇ. ಬಾಯಲ್ಲಿ ಕೇಳುವುದಿಲ್ಲ ಎಂದವಳು ಎಡಗೈಯಲ್ಲಿ ಕೇಳುತ್ತಿದ್ದಾಳೆ! ಆ ಮುರಿದ ಕೈಯ ಮುದುಕಿಯ ಮೇಲೆ ನನಗೆ ಎಂಥ ಪ್ರೀತಿ ಉಕ್ಕಿತೆಂದರೆ, ಸ್ವಿಚ್ಚು ಹಾಗೇ ಬಿಟ್ಟು ಬಂದುಬಿಡೋಣ ಎನಿಸಿತು. ಆದರೆ ಅವ್ವನಿಗೆ ಗೊತ್ತಾದರೆ ಸಿಟ್ಟಾಗಿ ಬಸ್ಸಿಗೆ ಹೊರಟಾಳು ಎಂದು ಮತ್ತೆ ಒತ್ತಿದೆ. ದೊಡ್ಡವ್ವನಿಗೆ ಗುಟ್ಟಾಗಿ ಒಂದು ಮಾತು ಹೇಳಬೇಕೆಂದು ಗಿರಣಿಯ ಹೊರಗೆ, ಬೇವಿನ ನೆರಳಿನಲ್ಲಿ ಕಾದು ನಿಂತೆ.

ಬಿಸಿಲು ಇಳಿಯುತ್ತಿತ್ತು. ಒಳಗೆ ಹೆಜ್ಜೆ ಸದ್ದಾಯಿತು. ಕಿಟಕಿಯ ಸರಳಿನ ನಡುವೆ ಇಣುಕಿದೆ.

ಬಂದದ್ದು ಅವ್ವ. ಬಾಗಿಲ ಕಡೆ ಒಮ್ಮೆ ತಿರುಗಿ ನೋಡಿದಳು. ಸ್ವಿಚ್ಚು ಅವಳಿಗೆ ಎಟುಕದಷ್ಟು ಎತ್ತರದಲ್ಲಿತ್ತು. ಹಿಟ್ಟಿನ ಡಬ್ಬಿಯೊಂದನ್ನು ಬೋರಲು ಹಾಕಿ, ಗೋಡೆ ಹಿಡಿದುಕೊಂಡು, ಮಂಡಿನೋವಿದ್ದರೂ ಹತ್ತಿ, ಬೆರಳು ಚಾಚಿ ಟಕ್ಕೆಂದು ಆರಿಸಿದಳು. ಇಳಿದು, ಡಬ್ಬಿ ಇದ್ದಲ್ಲೇ ಇಟ್ಟು, ಸೆರಗಿಗೆ ಮೆತ್ತಿದ ಹಿಟ್ಟನ್ನು ಕೊಡವಿಕೊಂಡು ಒಳಗೆ ಹೋದಳು.

ನಾನು ಮುಂಬಾಗಿಲಿನಿಂದ ಸುತ್ತಿಕೊಂಡು ಬರುವಷ್ಟರಲ್ಲಿ ಪಾರ್ವತಿ ಬಟ್ಟೆ ಒಗೆದು ಬಂದಿದ್ದಳು, ಅವ್ವ ಮಂಚದ ಮೇಲೆ ಅಕ್ಕನ ಪಕ್ಕ ಕೂತಿದ್ದಳು. ನನ್ನನ್ನು ಕಂಡಿದ್ದೇ ದನಿ ಏರಿಸಿ, "ಎಲ್ಲಿ ಹೋಗಿದ್ದೆ? ಕರೆಂಟ್ ಹೋಗೈತೆ ಕಣೆ, ಆ ನಿನ್ ಗಾಡಿ ಸತ್ತಂಗೆ ನಿಂತೈತೆ! ಅದನ್ನ ನಂಬ್ಕಂಡು ಬಂದ್ಬುಟ್ಟು ಇವತ್ತು ಇಲ್ಲೇ ಸಿಕ್ಕಾಕ್ಕಂಡ್ವಲ್ಲ" ಎಂದು ಬೈದಳು.

ಇಬ್ಬರ ತಲೆಯ ಮೇಲೆ ಫ್ಯಾನು ಗಿರಗಿರ ತಿರುಗುತ್ತಿತ್ತು.

ದೊಡ್ಡವ್ವ ಕತ್ತೆತ್ತಿ ಫ್ಯಾನನ್ನು ನೋಡಿದಳು. ಆಮೇಲೆ ತಂಗಿಯನ್ನು ನೋಡಿದಳು. ತಂಗಿಯ ಸೆರಗಿನ ಅಂಚಿನಲ್ಲಿ ಇನ್ನೂ ಉಳಿದಿದ್ದ ಹಿಟ್ಟನ್ನು ಎಡಗೈಯಿಂದ ಮೆಲ್ಲಗೆ ಒರೆಸಿದಳು.

"ಹೂಂ ಕಣೆ, ಹೋಗೈತೆ" ಎಂದಳು. "ನಮ್ಮೂರಾಗೆ ಒಂದು ಸಲ ಹೋದ್ರೆ ನಾಳೆ ಮಟ ಬರಲ್ಲ. ಪಾರ್ವತೀ, ರಾತ್ರಿಗೆ ಎಸರು ಜಾಸ್ತಿ ಇಡಮ್ಮ."

ನಾನು ಹೊರಗೆ ಹೋಗಿ ವೈರು ಕಿತ್ತು ಸುತ್ತಿ ಡಿಕ್ಕಿಯಲ್ಲಿಟ್ಟೆ.